ಎಂಟೂಮುಕ್ಕಾಲು ಕೋಟಿ ಊಟ

ಸಂಪಂಗಯ್ಯನವರು ಮೂರು ದಿನ ಉಪವಾಸ ಬಿದ್ದದ್ದು ನನ್ನಿಂದ. ಆ ಮೂರು ದಿನವೂ ಊರಿನವರು ಅವರನ್ನು ಕಂಡಲ್ಲೆಲ್ಲ ‘ಊಟ ಆಯ್ತಾ?’ ಎಂದು ಕೇಳುತ್ತಲೇ ಇದ್ದರು. ನಾನೂ ಕೇಳಿದ್ದೆ. ಅವರು ಪ್ರತಿ ಸಲವೂ ‘ಆಯ್ತು’ ಎಂದೇ ಹೇಳಿದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಕೇಳಿದ ಪ್ರಶ್ನೆಗೆ ಸುಳ್ಳು ಹೇಳಲು ನಮ್ಮೂರಿನಲ್ಲಿ ಯಾರಿಂದಲೂ ಆಗುವುದಿಲ್ಲ. ಅಂಥ ಊರಿನಲ್ಲಿ ಮೊಟ್ಟಮೊದಲ ಸುಳ್ಳನ್ನು ಹುಟ್ಟಿಸಿದ ಕೀರ್ತಿ ನನಗೇ ಸಲ್ಲಬೇಕು. ನನ್ನ ಹೆಸರು ಕೋಮಲ. ಹೆಸರಿಡುವಾಗ ಅಮ್ಮನಿಗೆ ನನ್ನ ಬಾಯಿಯ ಪರಿಚಯ ಇರಲಿಲ್ಲ.

ಹೊರಗಿನವರಿಗೆ ನಮ್ಮೂರಿನ ಪದ್ಧತಿ ಗೊತ್ತಿರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮಾತಾಡಲು ಯಾರ ಅಡ್ಡಿಯೂ ಇಲ್ಲ. ಬೈಯಬಹುದು, ಹೊಗಳಬಹುದು, ಬೇಕಾದರೆ ಹಾಡಬಹುದು. ಆದರೆ ಒಬ್ಬರು ಇನ್ನೊಬ್ಬರಿಗೆ ಪ್ರಶ್ನೆ ಹಾಕಿದರೆ ಅದರ ಉತ್ತರ ಮಾತ್ರ ಯಂತ್ರದ ಮನೆಯಿಂದಲೇ ಬರಬೇಕು. ಪ್ರಶ್ನೆ ಬಿದ್ದ ಕೂಡಲೇ, ಯಾರನ್ನು ಕೇಳಿದರೋ ಅವರ ಫೋನಿನಲ್ಲಿ ‘ಊರಪುಟ’ ತಾನಾಗಿಯೇ ತೆರೆದುಕೊಳ್ಳುತ್ತದೆ. ಅದರ ನಡುವೆ ಒಂದು ಬಳೆ ಗಿರಗಿರ ತಿರುಗುತ್ತದೆ. ಯಂತ್ರ ತನ್ನ ದಾಖಲೆಗಳನ್ನೆಲ್ಲ ತಡಕಾಡಿ ಉತ್ತರ ತೆಗೆಯುವವರೆಗೆ ಬಳೆ ನಿಲ್ಲುವುದಿಲ್ಲ, ಬಳೆ ನಿಲ್ಲುವವರೆಗೆ ನಾಲಿಗೆ ಏಳುವುದಿಲ್ಲ. ಬಾಯಿ ತೆರೆದುಕೊಂಡು ಕಾಯಬೇಕು. ಬಳೆ ನಿಂತ ಮೇಲೆ ದಾಖಲೆಯಲ್ಲಿ ಏನಿದೆಯೋ ಅದೇ ಬಾಯಿಂದ ಬರುತ್ತದೆ. ಇದು ಹೀಗೇಕೆ ಎಂದು ದಯವಿಟ್ಟು ಕೇಳಬೇಡಿ. ಕೇಳಿದರೆ ನಾನೂ ಬಾಯಿ ತೆರೆದುಕೊಂಡು ನಿಲ್ಲಬೇಕಾಗುತ್ತದೆ, ಕಥೆ ಮುಂದಕ್ಕೆ ಹೋಗುವುದಿಲ್ಲ.

ಯಂತ್ರದ ಮನೆಯನ್ನು ನೋಡಿಕೊಳ್ಳುವವಳು ನಾನು. ಹತ್ತು ವರ್ಷದ ಹಿಂದೆ ಅದೇ ಕಟ್ಟಡ ಕಡತದ ಮನೆಯಾಗಿತ್ತು. ಊರಿನ ಪ್ರಶ್ನೆಗಳೆಲ್ಲ ಸಂಪಂಗಯ್ಯನವರ ಮೇಜಿಗೆ ಬರುತ್ತಿದ್ದವು, ಅವರೂ ಅವರ ಕೈಕೆಳಗಿನ ಏಳು ಜನ ಗುಮಾಸ್ತರೂ ಕಡತ ಬಿಚ್ಚಿ ಉತ್ತರ ಹುಡುಕಿ ಕಳಿಸುತ್ತಿದ್ದರು. ನಾನು ಅವರ ಕೈಕೆಳಗೆ ಎಂಟನೆಯವಳಾಗಿ ಸೇರಿ ವಾರವೂ ಆಗಿರಲಿಲ್ಲ. ಯಂತ್ರ ಬಂತು, ಏಳು ಜನಕ್ಕೆ ಹಾರ ಹಾಕಿ ಮನೆಗೆ ಕಳಿಸಿದರು, ಕೀಲಿ ನನ್ನ ಕೈಗೆ ಬಂತು. ಸಂಪಂಗಯ್ಯನವರಿಗೆ ಕಟ್ಟಡದ ಹಿಂದಿನ ಕೋಣೆಯನ್ನೂ ಒಂದು ಮರದ ಸ್ಟೂಲನ್ನೂ ಬಿಟ್ಟುಕೊಟ್ಟರು. ಅವರು ಬೆಳಿಗ್ಗೆ ಸ್ಟೂಲನ್ನು ತಂದು ನನ್ನ ಕಿಟಕಿಯ ಕೆಳಗೆ ಹಾಕಿಕೊಂಡು ಬೀದಿ ನೋಡುತ್ತ ಕೂರುತ್ತಿದ್ದರು. ಯಂತ್ರದ ವಿಷಯ ಅವರಿಗೇನು ತಿಳಿಯುತ್ತದೆ ಎಂದು ನಾನು ಅವರನ್ನು ಏನನ್ನೂ ಕೇಳುತ್ತಿರಲಿಲ್ಲ. ಹೋಗುವಾಗ ಬರುವಾಗ ‘ಊಟ ಆಯ್ತಾ?’ ಎಂದದ್ದು ಬಿಟ್ಟರೆ ಹತ್ತು ವರ್ಷದಲ್ಲಿ ಅವರಿಗೆ ನಾನು ಹಾಕಿದ ಬೇರೆ ಪ್ರಶ್ನೆ ನೆನಪಿಲ್ಲ.

ಅವರು ಅಡಿಗೆ ಮಾಡಿಕೊಳ್ಳುತ್ತಿರಲಿಲ್ಲ. ಮಾಡಿಕೊಳ್ಳುವಂತೆಯೂ ಇರಲಿಲ್ಲ. ಹಿಂದೊಮ್ಮೆ ಕಡತದ ಮನೆಯ ಮೂಲೆಯಲ್ಲಿ ಚಹಾ ಕಾಯಿಸಲು ಹೋಗಿ, ಊರಿನ ಇಪ್ಪತ್ತು ವರ್ಷದ ಮದುವೆಯ ದಾಖಲೆಗಳನ್ನು ಸುಟ್ಟುಹಾಕಿದ್ದರು. ಆಮೇಲೆ ಒಂದು ವಾರ ಯಾರನ್ನು ‘ನಿಮಗೆ ಮದುವೆ ಆಗಿದೆಯಾ?’ ಎಂದು ಕೇಳಿದರೂ ‘ಗೊತ್ತಿಲ್ಲ’ ಎಂಬ ಉತ್ತರವೇ ಬರುತ್ತಿತ್ತು. ಅದರಿಂದ ಆದ ಅನಾಹುತಗಳು ಬೇರೆಯೇ ಕಥೆ. ‘ಸಂಪಂಗಯ್ಯನವರು ಇನ್ನು ಮುಂದೆ ಬೆಂಕಿಪೊಟ್ಟಣ ಮುಟ್ಟಕೂಡದು’ ಎಂದು ಊರಿನ ಸಭೆ ನಿರ್ಣಯ ಮಾಡಿತು. ಒಲೆ ಕಿತ್ತುಕೊಂಡ ಮೇಲೆ ಹೊಟ್ಟೆಗೊಂದು ದಾರಿ ಬೇಕಲ್ಲ, ಅದಕ್ಕೆ ಊರಿನ ಹಳೆಯ ಕಟ್ಟಳೆಯೇ ಸಾಕೆಂದರು. ‘ಊಟ ಆಯ್ತಾ?’ ಎಂದು ಕೇಳಿ ‘ಇಲ್ಲ’ ಎಂಬ ಉತ್ತರವನ್ನು ಕಿವಿಯಾರೆ ಕೇಳಿಸಿಕೊಂಡವರು, ಹಾಗೆಂದವರನ್ನು ಮನೆಗೆ ಕರೆದೊಯ್ದು ಎಲೆ ಹಾಕಬೇಕು. ಇದೇ ಆ ಕಟ್ಟಳೆ. ಹೀಗೆ ಸಂಪಂಗಯ್ಯನವರು ಊರಿನ ಪ್ರಶ್ನೆಯ ಮೇಲೆ ಬದುಕುತ್ತಿದ್ದರು. ತಾವಾಗಿ ಬಾಯಿಬಿಟ್ಟು ಒಂದು ಲೋಟ ಮಜ್ಜಿಗೆಯನ್ನೂ ಬೇಡಿದವರಲ್ಲ. ಕೇಳಿದರೆ ಉಣ್ಣುತ್ತಿದ್ದರು, ಕೇಳದಿದ್ದರೆ ಬೀದಿ ನೋಡುತ್ತಿದ್ದರು.

ಯಂತ್ರ ಬಂದ ಹೊಸತರಲ್ಲಿ ಬಳೆ ಕಣ್ಣಿಗೆ ಬೀಳುವ ಮೊದಲೇ ಉತ್ತರ ಬರುತ್ತಿತ್ತು. ನಾಲ್ಕೈದು ವರ್ಷಕ್ಕೆ ಹತ್ತು ಎಣಿಸುವಷ್ಟು ಹೊತ್ತು ಹಿಡಿಯಿತು. ಕಳೆದ ವರ್ಷದ ಹೊತ್ತಿಗೆ ಊರು ಊರಾಗಿ ಉಳಿಯಲಿಲ್ಲ. ಬಸ್ಸಿನ ಕಂಡಕ್ಟರು ‘ಎಲ್ಲಿಗೆ?’ ಎಂದು ಕೇಳಿದರೆ ಕೊನೆಯ ನಿಲ್ದಾಣ ಬರುವವರೆಗೆ ಯಾರ ಬಾಯಿಂದಲೂ ಊರಿನ ಹೆಸರು ಹೊರಡದು. ಕ್ಷೌರದ ಹನುಮಂತು ‘ಮೀಸೆ ತೆಗೀಲಾ?’ ಎಂದು ಕೇಳಿ, ಕಾದು ಕಾದು ಬೇಸತ್ತು ತೆಗೆದುಬಿಡುತ್ತಿದ್ದ. ಆಮೇಲೆ ‘ಬೇಡ’ ಎಂಬ ಉತ್ತರ ಬರುತ್ತಿತ್ತು. ಲಾಭವಾದದ್ದು ಡಾಕ್ಟರಿಗೆ ಮಾತ್ರ. ‘ಎಲ್ಲಿ ನೋವು?’ ಎಂಬುದಕ್ಕೆ ಉತ್ತರ ಬರುವುದರೊಳಗೆ ನೋವೇ ಹೋಗಿರುತ್ತಿತ್ತು, ಅವರ ಕೈಗುಣ ದೊಡ್ಡದೆಂದು ಹೆಸರಾಯಿತು. ಜನ ಪ್ರಶ್ನೆ ಮಾಡದೆಯೇ ವಿಷಯ ತಿಳಿದುಕೊಳ್ಳುವ ಉಪಾಯ ಕಲಿತರು. ‘ನಿಮ್ಮ ಸೊಸೆ ತವರಿಗೆ ಹೋದಳಂತೆ, ಕಾರಣ ತಿಳೀದೆ ನನಗಂತೂ ನಿದ್ದೆ ಬರ್ತಿಲ್ಲ’ ಎಂದು ಹೇಳಿ ಸುಮ್ಮನೆ ನಿಲ್ಲುತ್ತಿದ್ದರು.

ಆದರೆ ಎಷ್ಟೇ ನಿಧಾನವಾದರೂ ‘ಊಟ ಆಯ್ತಾ’ ಮಾತ್ರ ಬಿಡಲಿಲ್ಲ. ಅದನ್ನು ಬಿಟ್ಟರೆ ನಮ್ಮವರಿಗೆ ಒಬ್ಬರ ಮುಖ ಒಬ್ಬರು ನೋಡಲು ಬರುವುದಿಲ್ಲ. ನಮ್ಮ ಅಧ್ಯಕ್ಷ ಉಗ್ರಪ್ಪನವರು ದಿನಾ ಮಧ್ಯಾಹ್ನ ಮೂರೂಕಾಲಿಗೆ ಸರಿಯಾಗಿ ಸ್ಕೂಟರಿನಲ್ಲಿ ನಮ್ಮ ಬೀದಿ ಹಾಯುತ್ತಿದ್ದರು. ಸ್ಕೂಟರು ನಿಲ್ಲಿಸುವುದಿರಲಿ, ನಿಧಾನವನ್ನೂ ಮಾಡದೆ, ‘ಏನ್ ಸಂಪಂಗಯ್ಯನೋರೇ, ಊಟ ಆಯ್ತಾ?’ ಎಂದು ಕೂಗಿಕೊಂಡು ಹೋಗುತ್ತಿದ್ದರು. ಸಂಪಂಗಯ್ಯನವರು ಬಾಯಿ ತೆರೆದುಕೊಂಡು ಕಾದು ‘ಇಲ್ಲ’ ಎನ್ನುವ ಹೊತ್ತಿಗೆ ಸ್ಕೂಟರು ಮನೆ ಸೇರಿ, ಅಧ್ಯಕ್ಷರು ಒಂದು ನಿದ್ದೆ ತೆಗೆದಿರುತ್ತಿದ್ದರು. ಕಿವಿಯಾರೆ ಕೇಳಿಸಿಕೊಳ್ಳದ ಮೇಲೆ ಕಟ್ಟಳೆ ಮುರಿದಂತಾಗಲಿಲ್ಲ. ಹೂವಿನ ಚೌಡಮ್ಮ ಮಾತ್ರ ಪ್ರಶ್ನೆ ಹಾಕಿ ಬುಟ್ಟಿ ಕೆಳಗಿಟ್ಟು, ಹೂ ಕಟ್ಟುತ್ತ ಉತ್ತರಕ್ಕೆ ಕಾಯುತ್ತಿದ್ದಳು. ಇನ್ನೂ ಮೂರು ನಾಲ್ಕು ಮನೆಯವರು ಹಾಗೆ ಕಾಯುತ್ತಿದ್ದರು. ಹೀಗೆ ಉಣ್ಣಿಸುವವರು ಯಾರು, ಬರೀ ಕೇಳುವವರು ಯಾರು ಎಂಬುದು ಆ ನಿಧಾನದಲ್ಲಿ ತಾನಾಗಿಯೇ ತಿಳಿಯುತ್ತಿತ್ತು. ಇದು ಆಗ ನನಗೆ ಹೊಳೆಯಲಿಲ್ಲ. ನನ್ನ ಕಣ್ಣೆಲ್ಲ ಬಳೆಯ ಮೇಲಿತ್ತು.

ಉಗ್ರಪ್ಪನವರು ಯಂತ್ರಕ್ಕೆ ಮೊದಲು ನಿಂಬೆಹಣ್ಣು ಕಟ್ಟಿಸಿದರು. ಆಮೇಲೆ ಸಭೆಯವರು ಇನ್ನೆರಡು ದೊಡ್ಡ ಫ್ಯಾನು ಹಾಕಿಸಿದರು. ಆಮೇಲೆ ನನ್ನ ಕಾಟ ತಡೆಯಲಾರದೆ ಯಂತ್ರದ ನೆನಪಿನ ಪಟ್ಟಿಗಳನ್ನು ಎರಡು ಪಟ್ಟು ಮಾಡಿಸಿದರು. ಎರಡು ದಿನ ಚೆನ್ನಾಗಿ ಓಡಿತು, ಮೂರನೆಯ ದಿನ ನಾಯಿ ಬಾಲದ ಡೊಂಕು. ಒಂದು ಬುಧವಾರ ಉಗ್ರಪ್ಪನವರೇ ಬಂದು ‘ಏನಮ್ಮಾ ಕೋಮಲಾ ಇದೆಲ್ಲಾ?’ ಎಂದರು. ಪ್ರಶ್ನೆಯಾಯಿತಲ್ಲ, ನಾನು ಬಾಯಿ ತೆರೆದುಕೊಂಡು ನಿಂತೆ. ನನಗೆ ಎದುರು ಮಾತಾಡಲು ಆಗದ ಆ ಇಪ್ಪತ್ತು ನಿಮಿಷವನ್ನು ಅವರು ಪೂರ್ತಿಯಾಗಿ ಬಳಸಿಕೊಂಡರು.

“ಸೋಮವಾರ ಪಕ್ಕದೂರಿನವರು ನಮ್ಮ ಯಂತ್ರ ನೋಡೋಕೆ ಬರ್ತಾರೆ. ಅವರ ಮುಂದೆ ನಮ್ಮ ಜನ ಹೀಗೆ ನೊಣ ಹಿಡಿಯೋರ ಥರ ನಿಂತ್ರೆ ನನ್ನ ಮಾನ ಮೂರು ಕಾಸಿಗೆ ಹೋಗುತ್ತೆ. ನಿನಗಾಗಲ್ಲ ಅಂದ್ರೆ ಹೇಳ್ಬಿಡು, ಬೇರೆಯವರಿಗೆ ಕೀಲಿ ಕೊಡೋಣ. ಏನಾದ್ರೂ ಮಾಡು, ಸೋಮವಾರದೊಳಗೆ ಮಾಡು” ಎಂದರು. ಅವರು ಹೊರಟುಹೋದ ಮೇಲೆ ನನ್ನ ಬಾಯಿಂದ ಉತ್ತರ ಬಂತು. ಅದು ‘ನನಗೂ ಗೊತ್ತಿಲ್ಲ ಸ್ವಾಮಿ’ ಎಂದಿತ್ತು. ಅವರಿಗೆ ಕೇಳಿಸದಿದ್ದದ್ದು ಒಳ್ಳೆಯದೇ ಆಯಿತು.

ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಬೇಕು. ಗುರುವಾರ ಇಡೀ ದಿನ, ಉತ್ತರಿಸಲು ಹೊತ್ತು ಹಿಡಿದ ಪ್ರಶ್ನೆಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡು ಎಂದು ಯಂತ್ರಕ್ಕೆ ಹೇಳಿದೆ. ಸಂಜೆ ಪಟ್ಟಿ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೂರಕ್ಕೆ ಎಂಬತ್ತೊಂದು ಪ್ರಶ್ನೆ ‘ಊಟ ಆಯ್ತಾ’. ಉಳಿದದ್ದರಲ್ಲಿ ಮುಕ್ಕಾಲು ಪಾಲು ‘ತಿಂಡಿ ಆಯ್ತಾ’, ‘ಕಾಫಿ ಆಯ್ತಾ’. ಜನನ, ಮರಣ, ಮದುವೆ, ಜಮೀನು ಇವೆಲ್ಲ ಈ ಊಟದ ಪ್ರಶ್ನೆಗಳ ಹಿಂದೆ ಸರದಿಯಲ್ಲಿ ನಿಂತು ಒಣಗುತ್ತಿದ್ದವು. ಊಟದ ಪ್ರಶ್ನೆಗೆ ಯಂತ್ರ ಉತ್ತರ ಹುಡುಕುವ ರೀತಿ ನೋಡಿದೆ. ಯಂತ್ರ ಬಂದ ಉತ್ಸಾಹದಲ್ಲಿ, ಒಂದು ಅಗುಳನ್ನೂ ಬಿಡಬಾರದೆಂದು ಊರಿನ ಪ್ರತಿ ಊಟವೂ ದಾಖಲಾಗುವಂತೆ ಮಾಡಿದ್ದವಳು ನಾನೇ. ಎಂಟು ಸಾವಿರ ಜನ, ದಿನಕ್ಕೆ ಮೂರು ಹೊತ್ತು, ಹತ್ತು ವರ್ಷ. ಎಂಟೂಮುಕ್ಕಾಲು ಕೋಟಿ ಊಟ. ಹನುಮಂತುವಿಗೆ ಇವತ್ತು ಊಟ ಆಯಿತೋ ಇಲ್ಲವೋ ಎಂದು ತಿಳಿಯಲು ಯಂತ್ರ ಹತ್ತು ವರ್ಷದ ಹಿಂದಿನ ಮೊದಲ ಮುದ್ದೆಯಿಂದ ಶುರುಮಾಡಿ, ಸತ್ತವರು ತಿಂದ ಹೋಳಿಗೆಗಳನ್ನೂ ಬಿಡದೆ, ಒಂದೊಂದೇ ಸಾಲು ಓದಿಕೊಂಡು ಬರುತ್ತಿತ್ತು. ಯಾರದು ಎಲ್ಲಿದೆ ಎಂದು ತೋರಿಸುವ ಸೂಚಿಯೊಂದನ್ನು ಮಾಡಿಡಬೇಕಿತ್ತು, ನಾನು ಮಾಡಿರಲಿಲ್ಲ. ಈಗ ಮಾಡಬೇಕೆಂದರೆ ನಾಲ್ಕು ದಿನ ಯಂತ್ರ ನಿಲ್ಲಿಸಬೇಕು, ಊರು ನಾಲ್ಕು ದಿನ ಬಾಯಿ ತೆರೆದುಕೊಂಡು ನಿಲ್ಲಬೇಕು. ಸೋಮವಾರ ಬೇರೆ ಹತ್ತಿರ ಬರುತ್ತಿತ್ತು.

ಶುಕ್ರವಾರ ನನಗೊಂದು ಅಡ್ಡದಾರಿ ಹೊಳೆಯಿತು. ಹಿಂದಿನ ತಿಂಗಳ ಊಟದ ಉತ್ತರಗಳನ್ನೆಲ್ಲ ತೆಗೆದು ನೋಡಿದೆ. ನೂರಕ್ಕೆ ತೊಂಬತ್ತೇಳು ‘ಆಯ್ತು’. ಇರಲೇಬೇಕು, ನಮ್ಮ ಜನ ಜಾಣರು. ‘ಇಲ್ಲ’ ಎಂದರೆ ಎಲೆ ಹಾಕಬೇಕಲ್ಲ, ಅದಕ್ಕೇ ಎದುರಿಗಿರುವವರು ಕೈತೊಳೆದು ಎಲೆ ಅಡಿಕೆ ಹಾಕಿಕೊಳ್ಳುವುದು ಕಂಡ ಮೇಲೆಯೇ ಕೇಳುತ್ತಾರೆ. ಮತ್ತೆ ಹುಡುಕುವ ಗೊಡವೆಯೇ ಏಕೆ ಎಂದುಕೊಂಡೆ. ‘ಆಯ್ತು’ ಎಂಬುದನ್ನು ಸಿದ್ಧ ಉತ್ತರವಾಗಿ ಬಾಗಿಲಲ್ಲೇ ಇಟ್ಟುಬಿಟ್ಟೆ. ಊಟದ ಪ್ರಶ್ನೆ ಬಂದರೆ ಒಳಗೆ ಬಿಡುವುದೇ ಬೇಡ, ಹೊಸ್ತಿಲಲ್ಲೇ ‘ಆಯ್ತು’ ಕೊಟ್ಟು ಕಳಿಸುವುದು. ಉಳಿದ ಆ ನೂರಕ್ಕೆ ಮೂರು ‘ಇಲ್ಲ’ಗಳು ಯಾರವು ಎಂದು ನಾನು ನೋಡಲಿಲ್ಲ. ನೋಡಲು ಒಂದು ನಿಮಿಷ ಸಾಕಿತ್ತು. ಆ ಒಂದು ನಿಮಿಷ ನೆನೆದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಶನಿವಾರ ಬೆಳಿಗ್ಗೆ ಊರು ನಾಗಾಲೋಟದಲ್ಲಿ ಓಡಿತು. ಬಳೆ ಎಂಬುದೊಂದಿತ್ತೇ ಎನ್ನುವ ಹಾಗೆ ಮಾಯವಾಯಿತು. ಊಟದ ಪ್ರಶ್ನೆಗಳು ದಾರಿ ಬಿಟ್ಟದ್ದರಿಂದ ಉಳಿದ ಪ್ರಶ್ನೆಗಳಿಗೂ ರೆಕ್ಕೆ ಬಂತು. ಬಸ್ಸಿನವರು ಬೇಕಾದಲ್ಲಿ ಇಳಿದರು, ಹನುಮಂತುವಿನ ಅಂಗಡಿಯಲ್ಲಿ ನಾಲ್ಕು ಮೀಸೆಗಳು ಉಳಿದವು. ಡಾಕ್ಟರು ಮಾತ್ರ ನನ್ನನ್ನು ಕಂಡು ಮುಖ ತಿರುಗಿಸಿದರು. ಚೌಡಮ್ಮ ಕಿಟಕಿಗೆ ಒಂದು ಮೊಳ ಮಲ್ಲಿಗೆ ಸಿಕ್ಕಿಸಿ, “ನಮ್ಮವ್ವ, ನಿನ್ನ ಕೈ ತಣ್ಣಗಿರಲಿ” ಎಂದು ಹರಸಿದಳು. ನಾನು ಮಲ್ಲಿಗೆ ಮುಡಿದುಕೊಂಡು ಮೆರೆದೆ. ಮನೆಗೆ ಹೋಗುವಾಗ ಸ್ಟೂಲಿನ ಮೇಲಿದ್ದ ಸಂಪಂಗಯ್ಯನವರನ್ನು ‘ಊಟ ಆಯ್ತಾ?’ ಎಂದೆ. ಟಕ್ಕನೆ ‘ಆಯ್ತು’ ಬಂತು. ಬಂದ ಮಾತಿಗೆ ಅವರ ಮುಖವೇ ಬೆಚ್ಚಿದಂತೆ ಕಂಡಿತು. ವೇಗಕ್ಕೆ ಬೆಚ್ಚಿದರು ಎಂದುಕೊಂಡು ನಾನು ಇನ್ನಷ್ಟು ಬೀಗಿದೆ.

ಸೋಮವಾರ ಪಕ್ಕದೂರಿನವರು ಬಂದರು. ಚಾವಡಿಯಲ್ಲಿ ಶಾಮಿಯಾನ, ಹಾರ, ಬಾದಾಮಿ ಹಾಲು. ಬಂದವರಲ್ಲಿ ಹಿರಿಯರೊಬ್ಬರು ಎಲ್ಲರೆದುರು ಉಗ್ರಪ್ಪನವರಿಗೆ, “ಇಷ್ಟು ವೇಗ ಬರಬೇಕಾದ್ರೆ ತಾವು ಎಷ್ಟು ಕಷ್ಟಪಟ್ಟಿರಬಹುದು?” ಎಂದು ಕೇಳಿದರು. ಹಿಂದಿನ ಕಾಲವಾಗಿದ್ದರೆ ಬಳೆ ತಿರುಗುವಷ್ಟರಲ್ಲಿ ಕೈಮುಗಿದು ಎದ್ದುಹೋಗಿ ತಪ್ಪಿಸಿಕೊಳ್ಳಬಹುದಿತ್ತು. ಈಗ ಕೇಳಿದ ಮರುಕ್ಷಣವೇ ಅಧ್ಯಕ್ಷರ ಬಾಯಿಂದ, “ನಿಂಬೆಹಣ್ಣು ಕಟ್ಟಿಸಿದೆ, ಅಷ್ಟೇ” ಎಂದು ಬಂತು. ಎಂಥ ವಿನಯ ಎಂದು ಪಕ್ಕದೂರಿನವರು ಚಪ್ಪಾಳೆ ಹೊಡೆದರು. ನಮ್ಮೂರಿನವರು ಅದಕ್ಕಿಂತ ಜೋರಾಗಿ ಹೊಡೆದರು. ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ.

ಆ ಹೊತ್ತಿಗೆ ಸಂಪಂಗಯ್ಯನವರು ಉಂಡು ಎರಡು ದಿನವಾಗಿತ್ತು. ಮನೆಮಠ ಇದ್ದವರಿಗೆ ಏನೂ ಆಗಿರಲಿಲ್ಲ, ಏಕೆಂದರೆ ಮನೆಯಲ್ಲಿ ಯಾರೂ ಕೇಳಿ ಬಡಿಸುವುದಿಲ್ಲ, ಹೊತ್ತಾದರೆ ತಟ್ಟೆ ಬರುತ್ತದೆ. ಕೇಳಿದರೆ ಮಾತ್ರ ಉಣ್ಣುತ್ತಿದ್ದವರು ಊರಿಗೆಲ್ಲ ಅವರೊಬ್ಬರೇ. ಚೌಡಮ್ಮ ಆಮೇಲೆ ನನಗೆ ಹೇಳಿದಳು. ಭಾನುವಾರ ಅವರು ಅವಳ ಬಾಗಿಲ ಮುಂದೆ ಎರಡು ಸಲ ಓಡಾಡಿ, “ಚೌಡಮ್ಮ, ನಿಮ್ಮನೆ ಹುರುಳಿಕಾಳು ಸಾರಿನ ಘಮಲು ಬೀದಿಗೆಲ್ಲ ಬಂದದೆ” ಎಂದರಂತೆ. ಅವಳು ಖುಷಿಯಿಂದ, “ಊಟ ಆಯ್ತಾ ಅಯ್ಯನೋರೇ?” ಎಂದಳಂತೆ. “ಆಯ್ತು.” “ಹಂಗಾದ್ರೆ ನಾಳೆ ಉಣ್ಣೋಕೆ ಬನ್ನಿ.” ಮರುದಿನವೂ ಅವಳು ಕೇಳಿದಳು, ಮರುದಿನವೂ ‘ಆಯ್ತು’ ಎಂದೇ ಬಂತು. ನಮ್ಮೂರಿನಲ್ಲಿ ಉತ್ತರವನ್ನು ಅನುಮಾನಿಸುವ ಅಭ್ಯಾಸವೇ ಇಲ್ಲ. ಸುಳ್ಳು ಎಂಬುದನ್ನೇ ಕಾಣದವರು ಅನುಮಾನ ಪಡುವುದಾದರೂ ಹೇಗೆ.

ಮಂಗಳವಾರ ಬೆಳಿಗ್ಗೆ ಕಿಟಕಿಯ ಕೆಳಗೆ ಸ್ಟೂಲು ಇರಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ. ನಾನು ಹಿಂದಿನ ಕೋಣೆಗೆ ಹೋದೆ. ಅವರು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಂಚೆಯ ಗಂಟನ್ನು ಎಷ್ಟು ಬಿಗಿದಿದ್ದರೆಂದರೆ ಹೊಟ್ಟೆ ಇತ್ತೋ ಇಲ್ಲವೋ ಎನ್ನುವ ಹಾಗಿತ್ತು. ಪಕ್ಕದಲ್ಲಿ ಖಾಲಿಯಾದ ನೀರಿನ ತಂಬಿಗೆ. ನನಗೆ ಗಾಬರಿಯಾಗಿ, ಬಾಯಿಗೆ ಬಂದದ್ದು ಅದೇ ಹಾಳು ಪ್ರಶ್ನೆ. “ಸಂಪಂಗಯ್ಯನೋರೇ, ಊಟ ಆಯ್ತಾ?”

“ಆಯ್ತು” ಎಂದಿತು ಅವರ ನಾಲಿಗೆ. ಅವರ ಕಣ್ಣಿನಲ್ಲಿ ನೀರು ತುಂಬಿತು. ಆಮೇಲೆ ಅವರೇ ಮಾತಾಡಿದರು. “ಕೋಮಲಮ್ಮ, ಬೇಜಾರು ಮಾಡ್ಕೋಬೇಡ. ಶನಿವಾರದಿಂದ ನನ್ನ ಹೊಟ್ಟೆ ಒಂದು ಹೇಳುತ್ತೆ, ನಾಲಿಗೆ ಇನ್ನೊಂದು ಹೇಳುತ್ತೆ. ಎಪ್ಪತ್ತೆರಡು ವರ್ಷ ಎರಡೂ ಅಣ್ಣತಮ್ಮಂದಿರ ಹಾಗೆ ಇದ್ವು. ಈಗ ಜಗಳಕ್ಕೆ ಬಿದ್ದಾವೆ.”

ಆಗಲೂ ಅವರು ‘ಹಸಿವು’ ಎನ್ನಲಿಲ್ಲ. ನನಗೆ ಎಲ್ಲ ಒಟ್ಟಿಗೇ ತಿಳಿಯಿತು. ನೂರಕ್ಕೆ ಮೂರು ಯಾರು ಎಂಬುದು ತಿಳಿಯಿತು. ಮನೆಗೆ ಓಡಿ, ಇದ್ದ ಅನ್ನವನ್ನು ಮೆತ್ತಗೆ ಕಿವುಚಿ, ಮಜ್ಜಿಗೆ ಹಾಕಿ, ಉಪ್ಪಿನಕಾಯಿ ಮರೆತು, ಮತ್ತೆ ವಾಪಸು ಹೋಗಿ ಉಪ್ಪಿನಕಾಯಿ ತಂದೆ. ಅವರು ಮೊದಲ ತುತ್ತನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡರು. ನಾನು ಅತ್ತೆ. ಅವರು ಎಡಗೈಯಿಂದ ನನ್ನ ತಲೆಯ ಮೇಲೆ ಮೆಲ್ಲನೆ ತಟ್ಟಿ, “ಉಪ್ಪಿನಕಾಯಿ ಮಾವಿಂದು, ಒಳ್ಳೇದು” ಎಂದರು. ಅಷ್ಟೇ.

ಉಂಡಾದ ಮೇಲೆ ಮೂಲೆಯಲ್ಲಿದ್ದ ಒಂದು ಹಳೆಯ ಸ್ಲೇಟು ನನ್ನ ಕಣ್ಣಿಗೆ ಬಿತ್ತು. ದೊಡ್ಡದು, ಬಾಗಿಲಿನ ಅರ್ಧದಷ್ಟಿತ್ತು, ತುಂಬ ಗೆರೆ ಎಳೆದಿತ್ತು. ಹತ್ತು ವರ್ಷದಲ್ಲಿ ಅವರಿಗೆ ನಾನು ಹಾಕಿದ ಮೊದಲ ನಿಜವಾದ ಪ್ರಶ್ನೆ ಆಗ ಬಂತು. “ಕಡತದ ಕಾಲದಲ್ಲಿ ಊಟದ ಪ್ರಶ್ನೆಗೆ ಉತ್ತರ ಎಲ್ಲಿ ಹುಡುಕ್ತಿದ್ರಿ?”

“ಕಡತ ಯಾವತ್ತೂ ಬಿಚ್ಚಲಿಲ್ಲ ಕಣಮ್ಮ. ಈ ಸ್ಲೇಟೇ ನೋಡ್ತಿದ್ದೆ. ಊರಿನವರಿಗೆಲ್ಲ ತಲೆಗೊಂದು ಚೌಕ. ಉಂಡವರ ಚೌಕದಲ್ಲಿ ಒಂದು ಚುಕ್ಕೆ. ಹೊತ್ತಿಗೊಂದು ಸಲ ಒದ್ದೆಬಟ್ಟೆ ತಗೊಂಡು ಪೂರ್ತಿ ಒರೆಸಿಬಿಡ್ತಿದ್ದೆ. ನಿನ್ನೆ ಉಂಡಿದ್ದನ್ನ ಕಡತದಲ್ಲಿ ಬರೆದಿಟ್ಕೊಂಡ್ರೆ ಇವತ್ತಿನ ಹೊಟ್ಟೆಗೆ ಏನೂ ಸಿಗಲ್ಲ.”

ನಾನು ತಲೆ ಹಿಡಿದುಕೊಂಡು ಕೂತೆ. ಎಂಟೂಮುಕ್ಕಾಲು ಕೋಟಿ ಸಾಲು ಬರೆದಿಟ್ಟವಳು ನಾನು, ಒಂದು ಒದ್ದೆಬಟ್ಟೆಯಲ್ಲಿ ಮುಗಿಸಿದವರು ಅವರು. “ಯಂತ್ರ ಬಂದಾಗ್ಲೇ ಇದನ್ನ ನನಗೆ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದೆ.

“ನೀನು ಕೇಳ್ಲಿಲ್ಲ” ಎಂದಿತು ಅವರ ನಾಲಿಗೆ. ಹೇಳಿದ ಮೇಲೆ ಅವರಿಗೇ ಸಂಕೋಚವಾಯಿತು. ಆದರೆ ನಮ್ಮೂರಿನಲ್ಲಿ ಬಾಯಿಂದ ಬಂದ ಉತ್ತರವನ್ನು ಸಿಹಿ ಮಾಡಲು ಬರುವುದಿಲ್ಲ. ಅದು ನನಗೆ ತಗುಲಬೇಕಾದಲ್ಲಿಯೇ ತಗುಲಿತು.

ಆ ದಿನವೇ ಸರಿಮಾಡಿದೆ. ಉಗ್ರಪ್ಪನವರಿಗೆ ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ನಿಂಬೆಹಣ್ಣು ಬರುತ್ತಿತ್ತು. ಮಧ್ಯಾಹ್ನ ಒಂದರಿಂದ ಒಂದೂವರೆ, ಊರಿಗೆ ಊರೇ ಬಾಯಿ ತುಂಬಿಕೊಂಡು ಯಾರೂ ಯಾರನ್ನೂ ಏನೂ ಕೇಳದ ಅರ್ಧ ಗಂಟೆ ಅದು. ಆ ಅರ್ಧ ಗಂಟೆಯಲ್ಲಿ ಹೊಸ್ತಿಲಲ್ಲಿಟ್ಟ ‘ಆಯ್ತು’ವನ್ನು ಮೊದಲು ಕಿತ್ತು ಬಿಸಾಡಿದೆ. ಆಮೇಲೆ ಯಂತ್ರದ ನೆನಪಿನಲ್ಲೇ ಒಂದು ಸ್ಲೇಟು ಕಟ್ಟಿದೆ, ತಲೆಗೊಂದು ಚೌಕ, ಉಂಡರೆ ಒಂದು ಚುಕ್ಕೆ. ಬೆಳಗಿನ ತಿಂಡಿಗೆ ಮೊದಲು, ಮಧ್ಯಾಹ್ನದ ಊಟಕ್ಕೆ ಮೊದಲು, ರಾತ್ರಿಯೂಟಕ್ಕೆ ಮೊದಲು ತಾನಾಗಿ ಒರೆಸಿಕೊಳ್ಳುವಂತೆ ಮಾಡಿದೆ. ಎಂಟೂಮುಕ್ಕಾಲು ಕೋಟಿ ಊಟವನ್ನು ಅಳಿಸಲು ಮನಸ್ಸು ಬರಲಿಲ್ಲ, ಅನ್ನದ ವಿಷಯ ನೋಡಿ. ಬೇರೊಂದು ಡಿಸ್ಕಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ಸಂಪಂಗಯ್ಯನವರು ಬಾಗಿಲಲ್ಲಿ ನಿಂತು, ಎಲ್ಲಿ ಒರೆಸಬೇಕು, ಯಾವಾಗ ಒರೆಸಬೇಕು ಎಂದು ಹೇಳುತ್ತಿದ್ದರು. ಬೆಂಕಿಪೊಟ್ಟಣದ ಹಾಗೆ ಯಂತ್ರವನ್ನೂ ಮುಟ್ಟಕೂಡದೆಂದು ಎಣಿಸಿ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರು. ನಾನು ಕೈ ಹಿಡಿದು ಒಳಗೆ ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ.

ಈಗ ಉತ್ತರ ನಿಜವೂ ಆಯಿತು, ಬೇಗವೂ ಆಯಿತು. ಇವೆರಡೂ ಒಂದಾದದ್ದರಿಂದ ಊರಿನಲ್ಲಿ ಆದ ಫಜೀತಿ ಅಷ್ಟಿಷ್ಟಲ್ಲ. ಬರೀ ಕೇಳಿಕೊಂಡು ಹೋಗುತ್ತಿದ್ದವರೆಲ್ಲ ಸಿಕ್ಕಿಬಿದ್ದರು. ಪ್ರಶ್ನೆ ಮುಗಿಯುವ ಮೊದಲೇ ‘ಇಲ್ಲ’ ಎದುರಿಗೆ ಬಂದು ನಿಲ್ಲುತ್ತಿತ್ತು, ಕಿವಿ ಮುಚ್ಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮೊದಲ ವಾರ ಊರಿನಲ್ಲಿ ಬಾಳೆಲೆಗೆ ಬರ ಬಂತು.

ಆದರೂ ಒಬ್ಬರು ಮಾತ್ರ ತಪ್ಪಿಸಿಕೊಳ್ಳುತ್ತಿದ್ದರು. ಅಧ್ಯಕ್ಷರ ಮೂರೂಕಾಲಿನ ಲೆಕ್ಕ ಪಕ್ಕಾ ಇತ್ತು. ಆ ಹೊತ್ತಿಗೆ ಚೌಡಮ್ಮನೋ ನಾನೋ ಸಂಪಂಗಯ್ಯನವರಿಗೆ ಉಣ್ಣಿಸಿಯೇ ಇರುತ್ತಿದ್ದೆವು, ಚೌಕದಲ್ಲಿ ಚುಕ್ಕೆ ಬಿದ್ದಿರುತ್ತಿತ್ತು. ‘ಊಟ ಆಯ್ತಾ?’ ‘ಆಯ್ತು.’ ಸ್ಕೂಟರು ಭರ್ರನೆ ಹೋಗುತ್ತಿತ್ತು. ಮೇಲಾಗಿ ಅವರು ‘ನಾನು ದಿನಾ ತಪ್ಪದೆ ವಿಚಾರಿಸ್ಕೋತೀನಿ’ ಎಂದು ಸಭೆಯಲ್ಲಿ ಭಾಷಣವನ್ನೂ ಮಾಡಿದರು. ಹತ್ತು ವರ್ಷ ದಿನಾ ಕೇಳಿ ಒಂದು ದಿನವೂ ಎಲೆ ಹಾಕದ ಮನುಷ್ಯನ ಆ ಭಾಷಣ ಕೇಳಿ ನನಗೆ ಮೈಯೆಲ್ಲ ಉರಿಯಿತು. ಯಂತ್ರದ ಮನೆಗೆ ಹೋಗಿ ಸ್ಲೇಟಿನಲ್ಲಿ ಒಂದೇ ಒಂದು ಚೌಕಕ್ಕೆ, ದಿನಾ ಮೂರು ಗಂಟೆ ಹದಿನಾಲ್ಕು ನಿಮಿಷಕ್ಕೆ ಇನ್ನೊಂದು ಸಲ ಒರೆಸಿಕೊಳ್ಳುವ ಹಾಗೆ ಬರೆದೆ.

ಮರುದಿನ ಮೂರೂಕಾಲು. “ಏನ್ ಸಂಪಂಗಯ್ಯನೋರೇ, ಊಟ ಆಯ್ತಾ?” “ಇಲ್ಲ!” ಆ ‘ಇಲ್ಲ’ ಎಷ್ಟು ಚುರುಕಾಗಿ ಬಂತೆಂದರೆ ಸ್ಕೂಟರಿನ ಮುಂದಿನ ಚಕ್ರ ಇನ್ನೂ ನನ್ನ ಕಿಟಕಿ ದಾಟಿರಲಿಲ್ಲ. ಬೀದಿಯಲ್ಲಿ ಹನುಮಂತು, ಚೌಡಮ್ಮ, ಇನ್ನೂ ಆರೇಳು ಜನ ಇದ್ದರು. ಅಧ್ಯಕ್ಷರು ಬ್ರೇಕು ಹಾಕಲೇಬೇಕಾಯಿತು. ಸಂಪಂಗಯ್ಯನವರು ಸ್ಕೂಟರಿನ ಹಿಂದೆ ಕೂತು, ಒಂದು ಕೈಯಲ್ಲಿ ಅಧ್ಯಕ್ಷರ ಹೆಗಲು ಹಿಡಿದು, ಮದುಮಗನ ಹಾಗೆ ಹೋದರು. ಉಗ್ರಪ್ಪನವರ ಹೆಂಡತಿ ಮುದ್ದಮ್ಮನವರದು ಊರಿನಲ್ಲೇ ಹೆಸರಾದ ಕೈ. ಉಣ್ಣುವವರು ಸಿಕ್ಕರೆ ಅವರಿಗೆ ಹಬ್ಬ. ಹೋಳಿಗೆ, ಕೋಸಂಬರಿ, ಅವರೆಕಾಳು ಹುಳಿ ಎಂದು ದಿನಕ್ಕೊಂದು ಬಗೆ ಮಾಡಿದರು. ‘ನಾಳೆಯೂ ಕರ್ಕೊಂಡು ಬನ್ನಿ’ ಎಂದು ಗಂಡನಿಗೆ ತಾಕೀತು ಬೇರೆ. ಅಧ್ಯಕ್ಷರು ಬೇರೆ ಬೀದಿ ಹಿಡಿಯಲೂ ಆಗಲಿಲ್ಲ, ದಿನಾ ವಿಚಾರಿಸುತ್ತೇನೆಂದು ಭಾಷಣ ಮಾಡಿಯಾಗಿತ್ತು.

ಹೀಗೆ ಹದಿನೈದು ದಿನ ನಡೆಯಿತು. ಸಂಪಂಗಯ್ಯನವರ ಪಂಚೆಯ ಗಂಟು ಸಡಿಲಾಯಿತು. ಒಂದು ಸಂಜೆ ಅವರು ಸ್ಟೂಲನ್ನು ಕಿಟಕಿಗೆ ಹತ್ತಿರ ಎಳೆದುಕೊಂಡು, ಬೀದಿ ನೋಡುತ್ತಲೇ ಹೇಳಿದರು. “ಕೋಮಲಮ್ಮ, ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡಿರ್ತೀನಿ. ಮೂರೂಕಾಲಿಗೆ ನನ್ನ ನಾಲಿಗೆ ಇಲ್ಲ ಅನ್ನುತ್ತೆ. ನಾನು ನಲವತ್ತು ವರ್ಷ ಸ್ಲೇಟು ಒರೆಸಿದವನು. ನನ್ನ ಚೌಕ ಯಾರೋ ಒರೆಸ್ತಾರೆ.”

ಬೀದಿ ತುಂಬ ಜನ. ಎದುರಿಗೇ ಹನುಮಂತು ಕತ್ತರಿ ಸಾಣೆ ಹಿಡಿಯುತ್ತಿದ್ದ. ‘ಒರೆಸಿದ್ದು ನೀನಾ?’ ಎಂಬ ಒಂದೇ ಒಂದು ಪ್ರಶ್ನೆ ಬಿದ್ದರೆ ಸಾಕು, ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ‘ಹೌದು’ ಎಂದು ಬೀದಿಗೆಲ್ಲ ಕೇಳಿಸುತ್ತದೆ. ಬಳೆ ತಿರುಗುವ ಹೊತ್ತಿನಲ್ಲಿ ಓಡಿಹೋಗೋಣವೆಂದರೆ ಬಳೆಯನ್ನು ನಾನೇ ಇಲ್ಲದಂತೆ ಮಾಡಿದ್ದೆ. ಕೀಲಿ ಅಂದೇ ಬೇರೆಯವರ ಕೈಗೆ ಹೋಗುತ್ತಿತ್ತು.

ಸಂಪಂಗಯ್ಯನವರು ನನ್ನ ಕಡೆ ತಿರುಗಿದರು. ಬಾಯಿ ತೆರೆದರು. ನನ್ನ ಮುಖವನ್ನು ಪೂರ್ತಿಯಾಗಿ ನೋಡಿದರು, ಹಳೆಯ ಸ್ಲೇಟನ್ನು ಓದುವವರ ಹಾಗೆ. ಆಮೇಲೆ ಬಾಯಿ ಮುಚ್ಚಿಕೊಂಡು ಮತ್ತೆ ಬೀದಿಯ ಕಡೆ ತಿರುಗಿದರು.

“ನಾನೇನೂ ಕೇಳಲ್ಲ ಬಿಡು” ಎಂದರು. ಆಮೇಲೆ ಹನುಮಂತುವಿಗೆ ಕೇಳದಷ್ಟು ಮೆಲ್ಲಗೆ, “ಶನಿವಾರ ಒಂದು ದಿನ ಒರೆಸದೆ ಹಾಗೇ ಬಿಟ್ರೆ ಒರೆಸೋರಿಗೆ ಪುಣ್ಯ ಬರ್ತಿತ್ತು. ಶನಿವಾರ ಅಧ್ಯಕ್ಷರ ಮನೇಲಿ ಉಪ್ಪಿಟ್ಟು” ಎಂದರು.

ಅಂದು ಕೆಲಸ ಮುಗಿಸುವ ಮೊದಲು ಆ ಚೌಕಕ್ಕೆ ಶನಿವಾರದ ರಜೆ ಬರೆದೆ. ಈಗ ಶನಿವಾರ ಅವರು ನಮ್ಮ ಮನೆಗೆ ಬರುತ್ತಾರೆ. ನಾನು ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪಿನಕಾಯಿ ಬಡಿಸಿ, ಆಮೇಲೆ ಬಾಗಿಲಿಗೆ ಬಂದು ‘ಬನ್ನಿ ಊಟಕ್ಕೆ’ ಎಂದು ಕರೆಯುತ್ತೇನೆ. ಊಟ ಆಯ್ತಾ ಎಂದು ಮಾತ್ರ ಅವರನ್ನು ಆಮೇಲೆ ನಾನು ಕೇಳಲೇ ಇಲ್ಲ.